ಅಪ್ಪ ಸೂಜಿ ಬಿಚ್ಚಿದ ದಿನ

ಇವತ್ತು ಹೊಲಿಗೆ ಮಷೀನಿಗೆ ಎಣ್ಣೆ ಬಿಡುವಾಗ ಆ ವಾಸನೆ ನನ್ನನ್ನು ರಾಯದುರ್ಗದ ನಮ್ಮ ಪಡಸಾಲೆಗೆ ಎಳೆದೊಯ್ದಿತು. ಮದ್ರಾಸ್ ಸರ್ಕಾರದ ಕಾಲ. ದರ್ಜಿಯಾಗಿದ್ದ ಅಪ್ಪ ತನ್ನ ಮಷೀನನ್ನು ಅಮ್ಮನಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅಂಥದ್ದರಲ್ಲಿ ನಮ್ಮ ಒಂದನೇ ಕ್ಲಾಸಿನ ಮೇಷ್ಟ್ರು ಮಕ್ಕಳನ್ನೆಲ್ಲ ಕರೆತಂದು, "ಯಾವ್ದು ಹೆಂಗ ಚಲಿಸ್ತೈತಿ ಅಂತ ಹುಡುಗ್ರಿಗೆ ತೋರಿಸ್ಬೇಕ್ರಿ" ಎಂದರು.

ಅಪ್ಪ ಗದರುತ್ತಾನೆಂದು ನಾನು ಮೇಷ್ಟ್ರ ಹಿಂದೆ ಸರಿದೆ. ಅಪ್ಪ ಸೂಜಿ ಬಿಚ್ಚಿ ಅಂಗಿಯ ಕಾಲರಿಗೆ ಚುಚ್ಚಿಕೊಂಡ. "ಈಗ ತಿರುಗಿಸ್ಲಿ ಬಿಡ್ರಿ, ಬೆರಳಿಗೇನೂ ಆಗಲ್ಲ."

ಮೊದಲ ಸರದಿ ನನಗೇ ಕೊಟ್ಟ. ಚಕ್ರ ಗಿರ್ರನೆ ತಿರುಗಿತು, ಸೂಜಿ ಹಿಡಿಯುವ ಕಡ್ಡಿ ಮೇಲೆ ಕೆಳಗೆ ಕುಣಿಯಿತು, ಬಟ್ಟೆ ತಾನಾಗಿ ಮುಂದೆ ಸರಿಯಿತು. ಮಕ್ಕಳೆಲ್ಲ ಕೇಕೆ ಹಾಕಿದರು.

ಈಗ ಪಕ್ಕದಲ್ಲಿ ನಿಂತಿದ್ದ ನನ್ನ ಮರಿಮಗಳು ಚಕ್ರದತ್ತ ಕೈ ಚಾಚಿದಳು. ನಾನು ಗದರಲಿಲ್ಲ. ಮೊದಲು ಸೂಜಿ ಬಿಚ್ಚಿದೆ.