ಮೆಟ್ಟಿಲ ಮೂಲೆಯ ಮಹಾಲಕ್ಷ್ಮಿ

ರಾಮನಗುಳಿಯ ಬೀರಾ ಮಳೆಗಾಲದಲ್ಲಿ ಬರೀ ಗದ್ದೆಯ ಬೀರಾ. ಮಳೆ ನಿಂತಿತೆಂದರೆ ‘ಬೀರಾ ಆರ್ಟ್ಸ್, ಅಂಕೋಲಾ’. ಅಂಕೋಲೆಯಲ್ಲಿ ಅವನದೊಂದು ಅಂಗಡಿ ಇದೆಯೆಂದು ತಿಳಿಯಬೇಡಿ. ಆ ಹೆಸರು ಇರುವುದು ಅವನು ಬರೆದ ಬೋರ್ಡುಗಳ ಬಲಗಡೆಯ ಕೆಳಮೂಲೆಯಲ್ಲಿ ಮಾತ್ರ. ಕೆಲವು ಬೋರ್ಡುಗಳಲ್ಲಿ ಅದು ಅಂಗಡಿಯ ಹೆಸರಿಗಿಂತ ತುಸು ದಪ್ಪವಾಗಿಯೇ ಇದೆ.

ಅವನ ಕೀರ್ತಿ ತುತ್ತತುದಿ ಮುಟ್ಟಿದ್ದು ಅಂಕೋಲೆಯ ಒಂದು ಸರ್ಕಾರಿ ಕಚೇರಿಯ ಮೆಟ್ಟಿಲಿನ ಮೇಲೆ. ಮೆಟ್ಟಿಲು ತಿರುಗುವಲ್ಲಿನ ಗೋಡೆ ಊರಿನ ಎಲೆಯಡಿಕೆ ಕವಳದ ರಸವನ್ನೆಲ್ಲ ಕುಡಿದು ಕೆಂಪಾಗಿತ್ತು. ‘ಇಲ್ಲಿ ಉಗುಳಬಾರದು’ ಎಂದು ಬರೆಸಿದರೆ ಜನ ಅಕ್ಷರಕ್ಕೇ ಗುರಿಯಿಟ್ಟು ಉಗಿದರು. ಕೊನೆಗೆ ಮ್ಯಾನೇಜರ್ ಜಗದೀಶರು, ಕಚೇರಿಯಲ್ಲಿ ಲಕ್ಷ್ಮಿ ಎಲ್ಲ ಟೇಬಲ್ಲಿನ ಕೆಳಗೂ ಓಡಾಡುವ ಬದಲು ಒಂದು ಕಡೆ ಕಾಣುವಂತೆ ಕೂತಿರಲಿ ಎಂದು ಬೀರಾನಿಂದ ಮಹಾಲಕ್ಷ್ಮಿಯನ್ನು ಬರೆಸಿದರು. ಮರುದಿನದಿಂದ ಉಗುಳು ನಿಂತಿತು. ವಾರದೊಳಗೆ ಯಾರೋ ದಾಸವಾಳ ಸಿಕ್ಕಿಸಿದರು. ಆಮೇಲೆ ದೀಪ ಬಂತು, ಅಗರಬತ್ತಿ ಬಂತು. ಅರ್ಜಿ ಹಿಡಿದು ಬಂದವರು ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಮೊದಲು ಅವಳಿಗೆ, ನಂತರ ಮೇಲಿನವರಿಗೆ ಕೈಮುಗಿಯತೊಡಗಿದರು. “ಕಣ್ಣು ನೋಡು, ಮಾತಾಡ್ತದೆ!” ಎಂದು ಯಾರಾದರೂ ಅಂದರೆ ಪಕ್ಕದಲ್ಲೇ ನಿಂತ ಬೀರಾ ಸಣ್ಣಗೆ ಕೆಮ್ಮುತ್ತಿದ್ದ. ಆ ಕೆಮ್ಮಿಗೇ ಎಷ್ಟೋ ಸಲ ರಾಮನಗುಳಿಯಿಂದ ಬಸ್ಸು ಹತ್ತಿ ಬಂದದ್ದುಂಟು.

ಕಾರವಾರದ ದೊಡ್ಡ ಸಾಹೇಬರು ತಪಾಸಣೆಗೆ ಬಂದು ಆ ಚಪ್ಪಲಿಗಳ ಮೇಲೆ ಎಡವಿದ್ದೇ ಎಡವಟ್ಟಾಯಿತು. “ಸೋಮವಾರ ಮತ್ತೆ ಬರುತ್ತೇನೆ. ಗೋಡೆ ಬೆಳ್ಳಗಿರಬೇಕು” ಎಂದು ಅಪ್ಪಣೆ ಕೊಟ್ಟು ಕುಂಟುತ್ತ ಇಳಿದರು.

ಜಗದೀಶರು ಬೀರಾನಿಗೆ ಫೋನು ಮಾಡಿದರು. “ನೀ ಬರ್ದದ್ದು ಹೌದಾ? ಹಾಗಾರೆ ನೀನೇ ಬಿಳಿ ಹೊಡಿ.”

ಬೀರಾ ಬಿಳಿ ಹೊಡೆಯುವ ಹಾಗಿರಲಿಲ್ಲ. ಹೆಂಡತಿ ಗಾಯತ್ರಿಗೆ ಮೂರು ತಿಂಗಳಾಗಿತ್ತು. ಹಿಂದೆ ಎರಡು ಸಲವೂ ನಾಲ್ಕನೆಯ ತಿಂಗಳಿನಲ್ಲಿ ಕೈತಪ್ಪಿತ್ತು. ಈ ಸಲ ಯಾರ ಕಣ್ಣೂ ತಾಗದಿರಲೆಂದು ಆಚೆಮನೆಯ ಕಾಮಿಗೂ ಹೇಳಿರಲಿಲ್ಲ. ಬಸುರಿಯ ಗಂಡ ಹಾವು ಹೊಡೆಯಬಾರದು, ಕಾಯಿ ಒಡೆಯಬಾರದು. ಕಾಯಿಯನ್ನೇ ಒಡೆಯಬಾರದವನು ದೇವಿಯ ಮುಖ ಅಳಿಸುವುದುಂಟೇ?

“ಬೇರೆ ಎಂತಾ ಬೇಕಾರೂ ಮಾಡಿ, ಅವಳ ಮುಖಕ್ಕೆ ಮಾತ್ರ ಕೈ ಹಚ್ಚೂದು ಬೇಡ” ಎಂದಳು ಗಾಯತ್ರಿ. “ಎಂತಕೆ ಅಂತ ಕೇಳಿದ್ರೆ ಬಾಯಿ ಬಿಡೂದೂ ಬೇಡ.”

ಬಾಯಿ ಬಿಡದೆ ತಪ್ಪಿಸಿಕೊಳ್ಳುವುದು ಹೇಗೆ? ಗುರುವಾರ ಬೀರಾನಿಗೆ ಭುಜ ಉಳುಕಿತು. ಶುಕ್ರವಾರ ಲಕ್ಷ್ಮಿಯ ವಾರವಾಯಿತು. ಶನಿವಾರ ಫೋನಿಗೇ ಜ್ವರ ಬಂದು ಮಲಗಿತು. ಭಾನುವಾರ ಜಗದೀಶರು ಕಚೇರಿಯ ಜೀಪನ್ನೇ ಮನೆ ಬಾಗಿಲಿಗೆ ಕಳಿಸಿದರು. ಜೀಪಿನಲ್ಲಿ ಕೂತು ಊರು ದಾಟುವಾಗ ಎಂಥವನಿಗೂ ಎದೆ ಒಂದಿಷ್ಟು ಉಬ್ಬುತ್ತದೆ. ಬೀರಾನ ಎದೆ ಬರೀ ಬಡಿದುಕೊಂಡಿತು.

ಮೆಟ್ಟಿಲ ಮೂಲೆಯಲ್ಲಿ ಬಿಳಿ ಬಣ್ಣದ ಡಬ್ಬ, ಬ್ರಶ್ಶು, ಒಂದು ತೆಂಗಿನಕಾಯಿ ಕಾದಿದ್ದವು. ಕಾಯಿ ತಂದವರು ಜಗದೀಶರೇ. ಫೋನಿನಲ್ಲಿ ಗುಡುಗುತ್ತಿದ್ದವರ ದನಿ ದೇವಿಯ ಎದುರು ಮೆತ್ತಗಾಗಿತ್ತು.

“ಮೊದ್ಲು ತಪ್ಪಾಯ್ತು ಹೇಳಿ ಈ ಕಾಯಿ ಒಡಿ. ಆಮೇಲೆ ಶುರು ಮಾಡು.”

ಬೀರಾ ಕಾಯಿ ಹಿಡಿದು ನಿಂತ. ತಿರುಗಿಸಿದ. ಜುಟ್ಟು ಸವರಿದ. “ನೀವೇ ಒಡೀರಿ ಸಾಹೇಬ್ರೆ. ದೊಡ್ಡವ್ರು.”

“ಒಂದು ಕಾಯಿ ಒಡಿಯೂಕೆ ಬರೂದಿಲ್ವಾ ನಿಂಗೆ? ಆರ್ಟಿಸ್ಟಂತೆ!”

“ಭುಜ...”

“ಅದು ಗುರುವಾರದ್ದು!”

ಮೆಟ್ಟಿಲು ಗುಡಿಸುತ್ತಿದ್ದ ಗಂಗೂ ಪೊರಕೆ ನಿಲ್ಲಿಸಿದಳು. ನಾಲ್ಕು ಹೆತ್ತವಳು. ಬೀರಾನ ಮುಖ ನೋಡಿದಳು, ಕಾಯಿ ನೋಡಿದಳು.

“ಏ ತಮಾ, ಮನೆಲಿ ವಿಶೇಷ ಉಂಟಾ?”

ಬೀರಾ ಉಂಟೆನ್ನಲಿಲ್ಲ, ಇಲ್ಲವೆನ್ನಲೂ ನಾಲಿಗೆ ಹೊರಳಲಿಲ್ಲ. ಇಲ್ಲವೆಂದು ಬಾಯಿತಪ್ಪಿ ಅಂದರೆ ಅದೇ ನಿಜವಾಗಿಬಿಟ್ಟರೆ?

“ಬಿಡಿ ಸಾಹೇಬ್ರೆ, ಇವ್ನು ಮುಟ್ಟೂ ಹಾಗಿಲ್ಲ” ಎಂದಳು ಗಂಗೂ. “ನಿಮ್ಮನೆಲಿ ಯಾರೂ ಬಸ್ರಿ ಇಲ್ಲ ಅಲ್ದಾ? ನೀವೇ ಬಳೀರಿ.”

ಜಗದೀಶರು ಸರ್ಕಾರದ ಪ್ರತಿನಿಧಿಗೆ ತಕ್ಕಂತೆ ಬೆನ್ನು ನೆಟ್ಟಗೆ ಮಾಡಿ, ಕಾಯಿ ಒಡೆದು, ಬ್ರಶ್ಶು ಅದ್ದಿದರು. ಕೈ ದೇವಿಯ ಮುಖದವರೆಗೆ ಹೋಯಿತು. ಅಲ್ಲೇ ನಿಂತಿತು. ಬಿಳಿ ಬಣ್ಣ ಅವರ ಬೂಟಿನ ಮೇಲೆ ತೊಟ್ಟಿಕ್ಕಿತು.

“ಇದು ಸರಿಯಾದ ಕ್ರಮ ಅಲ್ಲ” ಎಂದು ಬ್ರಶ್ಶು ಇಳಿಸಿದರು. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ದೊಡ್ಡ ನೋಟಿಸ್ ಬೋರ್ಡು ಇಳಿಯಿತು. ದೇವಿಯ ಕಿರೀಟಕ್ಕೆ ತಾಗದಂತೆ ಮೇಲೆ ಮೊಳೆ ಹೊಡೆದು, ಅವಳು ಪೂರ್ತಿ ಮರೆಯಾಗುವಂತೆ ಅದನ್ನು ತೂಗುಹಾಕಿದರು. ಸುತ್ತಲಿನ ಗೋಡೆಗೆ ಬೀರಾ ಬಿಳಿ ಬಳಿಯಬಹುದಿತ್ತು. ಅವನು ಆ ಡಬ್ಬದ ಹತ್ತಿರವೂ ಸುಳಿಯಲಿಲ್ಲ. ಗಂಗೂವೇ ಬಳಿದಳು.

ಮುಖ ಉಳಿಯಿತು, ಗುಟ್ಟು ಉಳಿಯಲಿಲ್ಲ. ಊರಿಗೆ ಮರಳಲು ಯಲ್ಲಾಪುರದ ಬಸ್ಸಿನಲ್ಲಿ ಕೂತ ಮೇಲೆ ಬೀರಾನಿಗೆ ನೆನಪಾಯಿತು: ಆಚೆಮನೆಯ ಕಾಮಿ ಈ ಗಂಗೂಳ ಒಡಹುಟ್ಟಿದ ತಂಗಿ. ಬಸ್ಸು ಎಷ್ಟೇ ಓಡಿದರೂ ಫೋನಿಗಿಂತ ಜೋರಾಗಿ ಓಡುತ್ತದೆಯೇ? ಗಾಯತ್ರಿ ಈಗ ಅಳುತ್ತಿರಬಹುದು. ಅಳು ಬಸುರಿಗೆ ಒಳ್ಳೆಯದಲ್ಲ. ಸಿಟ್ಟಾಗಿರಬಹುದು. ಅದಂತೂ ಯಾರಿಗೂ ಒಳ್ಳೆಯದಲ್ಲ.

ಹೆದರಿದಂತೆಯೇ ಕಾಮಿ ಅವನ ಮನೆಯ ಜಗಲಿಯ ಮೇಲೆ ಕೂತಿದ್ದಳು. ಗಾಯತ್ರಿ ಬಾಗಿಲಿಗೆ ಬಂದಳು. ಅವನ ಮುಖ ನೋಡಲಿಲ್ಲ. ಎರಡೂ ಕೈ ಹಿಡಿದು, ಅಂಗೈ ಹೊರಳಿಸಿ, ಉಗುರಿನ ಸಂದಿಯವರೆಗೆ ಹುಡುಕಿದಳು. ಎಲ್ಲೂ ಬಿಳಿ ಇರಲಿಲ್ಲ.

“ಮುಖ ಮುಟ್ಟಲಿಲ್ಲ” ಎಂದ ಬೀರಾ. “ಆದ್ರೆ ಗುಟ್ಟು...”

“ಗುಟ್ಟಂತೆ!” ಎಂದು ಕಾಮಿ ಎದ್ದಳು. “ಮೂರು ತಿಂಗಳ ಬಸ್ರಿ ಹತ್ರ ಬಾವಿ ನೀರು ಸೇದಿಸೂದು ಎಂಥಾ ಗುಟ್ಟು ಮಾರಾಯ? ಏ ಗಾಯತ್ರಿ, ಕೊಡಪಾನ ತಾ ಇತ್ಲಾಗೆ.”

ಗಾಯತ್ರಿ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಆಮೇಲೆ ಒಳಗೆ ಹೋಗಿ ಕೊಡಪಾನ ತಂದು ಕಾಮಿಯ ಕೈಗೆ ಕೊಟ್ಟಳು.