ಮಲಕಾಜಿ ಕಾಕಾರ ಕತ್ತೆ

ಮಲಕಾಜಿ ಕಾಕಾ ಹೊಸ ಪರದೆಗೆ ಕೈ ಹಚ್ಚಿದರೆಂದರೆ ಮೊದಲು ಮೂಡುತ್ತಿದ್ದುದು ಕತ್ತೆ. ಬರೆಯಬೇಕಾದದ್ದು ಇಂದ್ರನ ಸಭೆಯಿರಲಿ, ಹೂದೋಟವಿರಲಿ, ಗೌಡರ ಮನೆಯ ಪಡಸಾಲೆಯಿರಲಿ, ಬಿಳಿ ಬಟ್ಟೆಯ ನಟ್ಟನಡುವೆ ಒಂದು ದೊಡ್ಡ, ಸೊಟ್ಟ, ಹಲ್ಲು ಕಿಸಿದ ಕತ್ತೆ. ಒಂದು ಕಿವಿ ಉದ್ದ, ಇನ್ನೊಂದು ಗಿಡ್ಡ. ಕಾಲು ಒಮ್ಮೊಮ್ಮೆ ಐದು. ಬರೆದು ಮುಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿ ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು. ಆಮೇಲೆ ಅದರ ಮೇಲೆ ದಪ್ಪಗೆ ಬಿಳಿ ಬಣ್ಣ ಬಳಿದು, ಅದು ಒಣಗಿದ ಮೇಲೆ ನಿಜವಾದ ಕೆಲಸ ಶುರು.

“ಬಟ್ಟಿ ಹೊಸಾದು ಇದ್ರ ಮನಷ್ಯಾ ಹೆದರ್ತಾನ ತಂಗಿ,” ಎಂದು ನನಗೆ ಹೇಳುತ್ತಿದ್ದರು. “ಎಲ್ಲಿ ಕೆಡತೈತೋ, ಎಲ್ಲಿ ಕೆಡತೈತೋ ಅಂತ ಕೈ ನಡಗತೈತಿ. ಅದಕ್ಕ ಮದ್ಲ ನಾವ ಕೆಡಿಸಿಬಿಡಬೇಕು. ಕೆಟ್ಟ ಮ್ಯಾಲೆ ಹೆದರಾಕ ಏನೈತಿ?”

ತಿಕೋಟಾದಲ್ಲಿ ಅವರದು ನಾಟಕದ ಪರದೆ, ಕಿರೀಟ, ಗದೆ, ಗಡ್ಡ-ಮೀಸೆ ಬಾಡಿಗೆಗೆ ಕೊಡುವ ಅಂಗಡಿ. ಬಿಜ್ಜರಗಿಯಿಂದ ಮಮದಾಪುರದವರೆಗೆ ಯಾವ ಊರಿನ ಹುಡುಗರು ನಾಟಕ ಕಟ್ಟಿದರೂ ಹಿಂದೆ ತೂಗುತ್ತಿದ್ದುದು ಅವರು ಬರೆದ ಪರದೆಯೇ. ಗಿಡ್ಡ ಆಳು, ಕೊರಳಿಗೊಂದು ಟವೆಲ್ಲು, ಒಂದು ಕಡೆ ದಾರ ಕಟ್ಟಿದ ಚಷ್ಮಾ. ಯೋಚನೆಗೆ ಬಿದ್ದರೆ ಬ್ರಶ್ಶನ್ನು ತುಟಿಗಿಡುವ ಚಟ. ಹೀಗಾಗಿ ಅವರ ಬಿಳಿ ಮೀಸೆ ನೋಡಿದರೆ ಅವತ್ತಿನ ಕೆಲಸ ಯಾವುದೆಂದು ಗೊತ್ತಾಗುತ್ತಿತ್ತು: ಹಸಿರಾಗಿದ್ದರೆ ಕಾಡು, ನೀಲಿಯಾಗಿದ್ದರೆ ಆಕಾಶ. ಅದೇ ಮೀಸೆಯಲ್ಲಿ ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಸಂತೆಗೂ ಹೋಗಿ ಬರುತ್ತಿದ್ದರು.

ನಾನು ಅವರಲ್ಲಿಗೆ ಹೋದದ್ದು ಬೇರೆ ದಾರಿಯಿಲ್ಲದೆ. ವಿಜಯಪುರದ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವಳು, ಒಂದು ದಿನ ಏನು ತಲೆಗೆ ಹೊಕ್ಕಿತೋ, ಕೆಲಸ ಬಿಟ್ಟು ಮದುವೆ, ಬಸುರಿಯ ಕುಬಸ, ತೊಟ್ಟಿಲ ಕಾರ್ಯಕ್ಕೆ ಕೈಯಿಂದಲೇ ಪರದೆ ಬರೆದುಕೊಡುವ ಉದ್ಯೋಗ ಶುರು ಮಾಡಿದ್ದೆ. ಕೇಳಿದವರೆಲ್ಲ “ಫ್ಲೆಕ್ಸ್ ಹೊಡಸಿದ್ರ ಆತಲ್ಲ” ಎಂದರು. ಮೂರು ತಿಂಗಳಲ್ಲಿ ಬಂದ ಕೆಲಸ ಮೂರು, ಅದರಲ್ಲಿ ಎರಡು ಸಂಬಂಧಿಕರದು. ಸಂಬಂಧಿಕರು ಹೊಗಳಿದರೆ ನನಗೆ ನಂಬಿಕೆ ಬರುತ್ತಿರಲಿಲ್ಲ, ಬೈದರೆ ಮಾತ್ರ ತಕ್ಷಣ ಬರುತ್ತಿತ್ತು! ಸಾಲದ್ದಕ್ಕೆ ಬಟ್ಟೆ ಮಡಚಿಟ್ಟಲ್ಲೆಲ್ಲ ಬಣ್ಣ ಬಿರಿದು ಉದುರುತ್ತಿತ್ತು. ತಿಕೋಟಾದ ಪೇಂಟರ್ ಒಬ್ಬರಿಗೆ ಇದರ ಗುಟ್ಟು ಗೊತ್ತು ಎಂದು ಯಾರೋ ಹೇಳಿದರು. ಬಸ್ಸು ಹತ್ತಿದೆ.

“ಏನ ಬರೀತಿ?” ಎಂದರು ಕಾಕಾ. ಅವತ್ತು ಮೀಸೆ ನೀಲಿಯಿತ್ತು.

“ಇನ್ನಾ ಕಲಿಯಾಕತ್ತೀನ್ರಿ ಕಾಕಾ. ಅಷ್ಟೇನು ಚಲೋ ಬರಂಗಿಲ್ಲ. ಸುಮ್ಮ ಹಂಗ…”

“ಏನ ಬರೀತಿ ಅಂತ ಕೇಳಿದೆ. ಹ್ಯಾಂಗ ಬರೀತಿ ಅಂತ ಯಾರ ಕೇಳ್ಯಾರ?”

ಬಣ್ಣ ಉದುರುವ ಕಥೆ ಹೇಳಿದೆ. ಅವರು ಹಣೆ ಬಡಿದುಕೊಂಡರು. “ಪರದಿ ಮಡಚತಾರೇನಬೇ? ಚಾಪಿಗತೆ ಸುತ್ತಬೇಕು!” ಅಷ್ಟೇ ಗುಟ್ಟು. ಬಣ್ಣಕ್ಕೆ ಏನೇನೋ ಬೆರೆಸಿ ನೋಡಿ ಸುಸ್ತಾಗಿದ್ದ ನಾನು ಅಲ್ಲೇ ನಕ್ಕುಬಿಟ್ಟೆ. ಅಂದಿನಿಂದ ವಾರಕ್ಕೊಮ್ಮೆ ಬರೆದದ್ದನ್ನು ಸುತ್ತಿಕೊಂಡು ತಿಕೋಟಾ ಬಸ್ಸು ಹತ್ತುವುದು, ಅವರೆದುರು ಬಿಚ್ಚಿ ಅವರ ಮುಖ ನೋಡುವುದು ನನಗೆ ರೂಢಿಯಾಯಿತು.

ಆ ಬೇಸಿಗೆಯಲ್ಲಿ ಬಬಲೇಶ್ವರದಿಂದ ದೊಡ್ಡ ಕೆಲಸ ಬಂತು. ದ್ರಾಕ್ಷಿ ತೋಟದ ಮನೆತನ, ಮಗಳ ಮದುವೆ. ವೇದಿಕೆಯ ಅಗಲಕ್ಕೂ ಒಂದೇ ಪರದೆ, ಅದರ ತುಂಬ ಹೂದೋಟ ಬೇಕು. ಇತ್ತ ನನ್ನ ಹಳೆಯ ಶಾಲೆಯ ಹೆಡ್‌ಮೇಡಮ್ಮರು, “ನಿಮ್ಮ ಜಾಗಾ ಜೂನ್ ತನಕ ಖಾಲಿ ಇಡ್ತೀನಿ, ಆಮ್ಯಾಲೆ ಆಗಂಗಿಲ್ಲ” ಎಂದು ಫೋನು ಮಾಡಿದ್ದರು. ನಾನು ಮನಸ್ಸಿನಲ್ಲೇ ಕರಾರು ಮಾಡಿಕೊಂಡೆ: ಬಬಲೇಶ್ವರದ್ದು ಸರಿಬಂದರೆ ಮುಂದುವರಿಯುವುದು, ಕೆಟ್ಟರೆ ಜೂನ್‌ನಲ್ಲಿ ಶಾಲೆಗೆ ವಾಪಸ್ಸು. ಕರಾರು ಮಾಡಿಕೊಂಡದ್ದೇ ತಡ, ಕೈ ಕಲ್ಲಾಯಿತು. ಮೂರು ದಿನ ಬಟ್ಟೆಯ ಮುಂದೆ ಕೂತೆ. ಬ್ರಶ್ಶುಗಳನ್ನು ಎರಡು ಸಲ ತೊಳೆದೆ, ಬಣ್ಣದ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದೆ, ಫ್ಯಾನಿನ ರೆಕ್ಕೆ ಕೂಡ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಇತ್ತು.

ಕೊನೆಗೆ ನಾನು ಫೋನು ಮಾಡಿದ್ದಕ್ಕೆ ಕಾಕಾ ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು. ಬ್ರಶ್ಶು ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, “ಕತ್ತಿ ಬರಿ” ಎಂದರು.

ಬರೆದೆ. ನನ್ನ ಕತ್ತೆ ನೋಡಿ ಅವರಿಗೆ ಸಿಟ್ಟೇ ಬಂತು. “ಯವ್ವಾ, ಇದೇನ ಇಷ್ಟ ಚಂದ ಬರದೀ! ಕಾಲು ಕಾಲಿನ ಜಾಗಾದಾಗ, ಕಿವಿ ಕಿವಿ ಜಾಗಾದಾಗ! ಕೆಡಸು ಅಂದ್ರ ಕೆಡಸಾಕೂ ಬರಂಗಿಲ್ಲಲ್ಲ ನಿನಗ!”

ಅಳಿಸಿ ಮತ್ತೆ ಬರೆದೆ. ಈ ಸಲ ರೋಷದಿಂದ, ಕಣ್ಣು ಅರ್ಧ ಮುಚ್ಚಿಕೊಂಡು. ಮೂರು ಕಿವಿ, ಹೊರಗೆ ಚಾಚಿದ ನಾಲಗೆ. ಸಾಲದೆಂದು ಹೆಡ್‌ಮೇಡಮ್ಮರದಂಥ ದುಂಡು ಚಷ್ಮಾ ಏರಿಸಿದೆ. ಕಾಕಾ ಕುರ್ಚಿಯಿಂದ ಜಾರುವುದೊಂದು ಬಾಕಿ. ನನಗೂ ನಗು ತಡೆಯಲಾಗದೆ ನೆಲದ ಮೇಲೆ ಕೂತುಬಿಟ್ಟೆ. ಎದ್ದಾಗ ಕೈ ಹಗುರವಾಗಿತ್ತು.

“ಬಿಳೇದು ಎರಡು ಸರ್ತಿ ಬಳಿ. ದಪ್ಪಗ,” ಎಂದು ಹೇಳಿ ಕಾಕಾ ಬಸ್ಸಿಗೆ ಹೋದರು. ನನಗೆಲ್ಲಿತ್ತು ತಾಳ್ಮೆ? ಒಂದೇ ಸಲ, ತೆಳ್ಳಗೆ ಬಳಿದು, ಒಣಗುವ ಮೊದಲೇ ತೋಟಕ್ಕೆ ಇಳಿದೆ. ನಾಲ್ಕು ದಿನ ಊಟ-ತಿಂಡಿಯ ನೆನಪಿಲ್ಲ. ದಾಸವಾಳ, ಸಂಪಿಗೆ, ಬಳ್ಳಿ ಮಂಟಪ, ನಡುವೆ ನೀರಿನ ಕಾರಂಜಿ. ಜೀವನದಲ್ಲಿ ಅಷ್ಟು ಖುಷಿಯಿಂದ ನಾನು ಏನನ್ನೂ ಬರೆದಿರಲಿಲ್ಲ.

ಮದುವೆಯ ಸಂಜೆ ಕಾಕಾರೂ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಪರದೆ ನೋಡಿದವರೆಲ್ಲ ತಲೆದೂಗುತ್ತಿದ್ದರು. ನಾನು ಗಾಳಿಯಲ್ಲೇ ತೇಲುತ್ತಿದ್ದೆ. ಅಷ್ಟರಲ್ಲಿ ಫೋಟೊ ತೆಗೆಯುವವನು, ಗಂಡು-ಹೆಣ್ಣಿನ ತಲೆಯ ಸುತ್ತ ಬೆಳಕು ಬರಲಿ ಎಂದು, ಪರದೆಯ ಹಿಂದೆ ಒಂದು ದೊಡ್ಡ ಲೈಟು ಇಟ್ಟು ಹಚ್ಚಿದ.

ಕಾರಂಜಿಯೊಳಗಿನಿಂದ ಕತ್ತೆ ಎದ್ದಿತು. ಮದುಮಗ, ಮದುಮಗಳ ನಟ್ಟನಡುವೆ, ಮೂರು ಕಿವಿ ನಿಗುರಿಸಿಕೊಂಡು, ಚಷ್ಮಾ ಸಮೇತ. “ಕತ್ತಿ! ಕತ್ತಿ!” ಎಂದು ಮಕ್ಕಳು ಕಿರುಚಿದರು. ಮದುಮಗ ತನಗೇ ಅನ್ನುತ್ತಿದ್ದಾರೆಂದು ತಿಳಿದು ಮುಖ ಕೆಂಪು ಮಾಡಿಕೊಂಡ. ಊಟದ ಪಂಕ್ತಿಯಿಂದ ಜನ ಕೈ ತೊಳೆಯದೆ ಎದ್ದು ಬಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಕಾ ಮಾತ್ರ ಒಂದು ಕಂಬ ಹಿಡಿದುಕೊಂಡು ನಗುತ್ತಿದ್ದರು.

ಮದುಮಗಳ ತಂದೆ ಮೀಸೆ ನಡುಗಿಸುತ್ತ ನನ್ನ ಕಡೆಗೇ ಬಂದರು. ಕಾಕಾ ನಗು ನುಂಗಿಕೊಂಡು ಅಡ್ಡ ನಿಂತರು.

“ಸಾವಕಾರ್ರ, ಮದ್ಲ ಆ ಲೈಟ್ ಆರಸಾಕ ಹೇಳ್ರಿ.” ಲೈಟು ಆರಿತು. “ಕತ್ತಿ ನಂದ್ರಿ, ಬರಿ ಅಂತ ಹೇಳಿದಾಂವ ನಾನ. ತ್ವಾಟ ಈ ಹುಡುಗೀದು. ಈಗ ತ್ವಾಟ ನೋಡ್ರಿ. ನೋಡಿ, ಹ್ಯಾಂಗೈತಿ ಅಂತ ಅಷ್ಟ ಹೇಳ್ರಿ.”

ಸಾವುಕಾರರು ಸಿಟ್ಟಿನಲ್ಲೇ ತಿರುಗಿದರು. ಗದ್ದಲದಲ್ಲಿ ಅವರು ಅಲ್ಲಿಯತನಕ ಪರದೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲವೆಂದು ಕಾಣುತ್ತದೆ. ಈ ತುದಿಯಿಂದ ಆ ತುದಿಗೆ ನೋಡಿದರು. “ತ್ವಾಟ… ತ್ವಾಟ ಚಲೋ ಐತಿ,” ಎಂದರು, ಬೈಯಲು ತೆಗೆದ ಅದೇ ದನಿಯಲ್ಲಿ. ಅಷ್ಟರಲ್ಲಿ ಮದುಮಗಳು ಕತ್ತೆಯ ಜೊತೆ ಒಂದು ಫೋಟೊ ಬೇಕೇ ಬೇಕೆಂದು ಹಟ ಹಿಡಿದು, ಲೈಟು ಮತ್ತೆ ಹಚ್ಚಿಸಿದಳು.

ಬೆಳಗ್ಗೆ ಪರದೆ ಸುತ್ತಿಕೊಂಡು ವಾಪಸ್ಸು ಬರುವಾಗ, “ಸಾಲಿಗಿ ಹೋಗ್ತೀನ್ರಿ ಕಾಕಾ, ಸಾಕಾತು,” ಎಂದೆ.

“ಹೋಗು. ಸಾಲಿ ಏನ ಕೆಟ್ಟದ್ದಲ್ಲ. ಆದ್ರ ನಿನ್ನೆ ಅಷ್ಟ ಮಂದಿ ಮುಂದ ಕೆಟ್ಟಾತಲ್ಲ, ಸತ್ತೇನು?”

“ಇಲ್ರಿ.”

“ಮತ್ತ? ಇದಕ್ಕಿಂತಾ ಕೆಡಾಕ ಇನ್ನ ಏನ ಉಳದೈತಿ? ಹೆದರೂ ಕೆಲಸ ಎಲ್ಲಾ ಮುಗಿಸೀದಿ. ಇನ್ನ ಬರೆಯೂದೊಂದ ಬಾಕಿ.”

ನಾಲ್ಕನೇ ದಿನ ಬಬಲೇಶ್ವರದ ಇನ್ನೊಂದು ಮನೆಯಿಂದ ಫೋನು ಬಂತು. “ನಮ್ಮ ಸೊಸಿ ಕುಬಸಕ್ಕ ಅಂಥದ ಪರದಿ ಬೇಕ್ರಿ. ಕತ್ತಿ ಒಂದ ಬ್ಯಾಡ್ರಿ.” ಹೆಡ್‌ಮೇಡಮ್ಮರಿಗೆ ಅವತ್ತೇ ಬರುವುದಿಲ್ಲವೆಂದು ಹೇಳಿಬಿಟ್ಟೆ. ಹೇಳುವಾಗ ಅವರ ಚಷ್ಮಾ ನೆನಪಾಗಿ ನಗು ತಡೆಯಲು ನಾಲಗೆ ಕಚ್ಚಿಕೊಂಡೆ.

ಆಮೇಲೆ ನನಗೆ ಕೆಲಸ ಹೆಚ್ಚುತ್ತ ಹೋಯಿತು, ಕಾಕಾರದು ಕಡಿಮೆಯಾಗುತ್ತ ಬಂತು. ಕಣ್ಣಿಗೆ ಪೊರೆ ಬಂದು ಎರಡು ವರ್ಷ ಬ್ರಶ್ಶು ಹಿಡಿಯಲಿಲ್ಲ. ಆಪರೇಶನ್ ಆಯಿತೆಂದು ಕೇಳಿದ್ದೆ. ಈ ವರ್ಷದ ಮೊದಲಲ್ಲಿ ಒಂದು ಬೆಳಗ್ಗೆ, ಕಂಕುಳಲ್ಲಿ ಬಟ್ಟೆಯ ಸುರುಳಿ ಇಟ್ಟುಕೊಂಡು ನನ್ನ ಬಾಗಿಲಿಗೆ ಬಂದರು. ಬಂದವರು ಕೂಡಲಿಲ್ಲ, ಚಹಾ ಒಲ್ಲೆ ಎಂದರು. ಸುರುಳಿ ಬಿಚ್ಚಿ ಗೋಡೆಗೆ ಹಿಡಿದರು. ಕೆರೆಯ ದಂಡೆಯಲ್ಲಿ ಕತ್ತು ಬಾಗಿಸಿ ನೀರು ಕುಡಿಯುತ್ತಿರುವ ಒಂದು ಎತ್ತು.

ನಾನು ಎತ್ತನ್ನು ನೋಡುತ್ತಿದ್ದೆ. ಅವರು ನನ್ನ ಮುಖವನ್ನು ನೋಡುತ್ತಿದ್ದರು. ತಿಕೋಟಾದ ಅಂಗಡಿಯಲ್ಲಿ ನನ್ನ ಚಿತ್ರ ಬಿಚ್ಚಿ ನಾನು ಅವರ ಮುಖ ನೋಡುತ್ತಿದ್ದೆನಲ್ಲ, ಹಾಗೆಯೇ.

“ಹ್ಯಾಂಗೈತಬೇ?” ಎಂದರು. ದನಿ ಸಣ್ಣದಿತ್ತು. “ಖರೇ ಹೇಳು. ಮುದುಕ ಅದಾನಂತ ಚಲೋ ಅನಬ್ಯಾಡ.”

ಇಷ್ಟು ವರ್ಷ ಬರೆದ ಮನುಷ್ಯನಿಗೂ ಈ ಅಳುಕು ಬಿಟ್ಟಿಲ್ಲವಲ್ಲ ಎಂದು ನನಗೆ ಸಂಕಟವಾಯಿತು. ಹಾಗಾದರೆ ನನಗಿರುವುದು ರೋಗವಲ್ಲ ಎಂದು ಅಷ್ಟೇ ಖುಷಿಯೂ ಆಯಿತು. ಅವರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಹಿಂದಿನ ಕಾಲು ಸೋತೈತ್ರಿ ಕಾಕಾ. ಭಾರ ಹೊರಂಗಿಲ್ಲ. ಆದ್ರ ಕುತಗಿ… ಆ ಕುತಗಿ ನಂಗ ಈ ಜನ್ಮದಾಗ ಬರಂಗಿಲ್ರಿ.”

ಅವರು ಕಾಲನ್ನು ನೋಡಿದರು. “ಹೌದು, ಕಾಲು ಸೋತೈತಿ,” ಎಂದರು. ಕುತ್ತಿಗೆಯ ಬಗ್ಗೆ ಏನೂ ಹೇಳಲಿಲ್ಲ. ಆಮೇಲೆ ಚಹಾ ಕೇಳಿ ಎರಡು ಕಪ್ಪು ಕುಡಿದರು.

ಬಸ್ ಸ್ಟ್ಯಾಂಡ್ ತನಕ ಹೋಗಿ ಅವರನ್ನು ತಿಕೋಟಾ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡಿಸಿದೆ. ಅದಾಗಿ ತಿಂಗಳು ತುಂಬುವ ಮೊದಲೇ ಕಾಕಾ ತೀರಿಕೊಂಡರು. ಅವತ್ತು ಬಸ್ಸು ತಿರುವಿಗೆ ಬಂದಾಗ ಅವರು ಅರ್ಧ ಮೈ ಕಿಟಕಿಯಿಂದ ಹೊರಗೆ ಹಾಕಿ, ಇಡೀ ಬಸ್ಸು ತಿರುಗಿ ನೋಡುವ ಹಾಗೆ ಕೂಗಿದ್ದರು:

“ತಂಗೀ, ಕುತಗಿ ಖರೇನ ಚಲೋ ಐತೇನ?”

ಕೈಗಾಡಿಯವರು, ಕಂಡಕ್ಟರು, ಚೀಲ ಹೊತ್ತ ಹೆಂಗಸರು ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಸ್ಸಿನ ಹಿಂದೆ ಓಡುತ್ತ, ನನಗಿದ್ದ ದನಿಯನ್ನೆಲ್ಲ ತೆಗೆದು ಕೂಗಿದೆ:

“ಖರೇನ ಚಲೋ ಐತ್ರಿ, ಕಾಕಾ!”