ಹಿತ್ತಾಳೆಯ ಕೆಂಪು

ಬಹಳ ದಿನ ಮನೆ ಮುಚ್ಚಿ ಹೋಗಿ ಬಂದು ಬಲ್ಬು ಹಾಕಿದರೆ, ಅದರ ಮೇಲಿನ ಧೂಳು ಬಿಸಿಯಾಗಿ ಒಂದು ವಾಸನೆ ಬರುತ್ತದಲ್ಲ, ನಿಮಗೂ ಗೊತ್ತಿರುತ್ತದೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ದೋಹಾದ ಮದೀನತ್ ಖಲೀಫಾದ ವಿಲ್ಲಾವೊಂದರ ಹಿಂಭಾಗದ ಎರಡು ಕೋಣೆಗಳಿಗೆ ಹೋಗಿಬಿಡುತ್ತೇನೆ. ಹಾಲಿನ ಗೋಡೆಯಲ್ಲಿ ಮಮ್ಮಿ ಮಂಗಳೂರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದ ಆಲ್ತಾರ್ ಎಂಬ ಪುಟ್ಟ ಪ್ರಾರ್ಥನೆಯ ಗೂಡು, ಅದರಲ್ಲಿ ಯೇಸುವಿನ ಪಟ, ಪಟದ ಕೆಳಗೊಂದು ಪುಟ್ಟ ಕೆಂಪು ಬಲ್ಬು. ಪಕ್ಕದ ಮಸೀದಿಯ ಸಂಜೆಯ ಬಾಂಗ್ ಕೇಳಿದರೆ ಅದೇ ನಮಗೆ ತೇರ್ಸಿನ, ಜಪಸರದ ಪ್ರಾರ್ಥನೆಯ, ಹೊತ್ತು. ಜಪಸರ ಹಿಡಿಯುವ ಮುಂಚೆ ಮಮ್ಮಿಯ ಕೈ ತಾನಾಗಿಯೇ ಆ ಸ್ವಿಚ್ಚಿಗೆ ಹೋಗುತ್ತಿತ್ತು.

ವಿಲ್ಲಾದ ಯಜಮಾನರು, ನಾವೆಲ್ಲ ಬಾಬಾ ಎನ್ನುತ್ತಿದ್ದ ಕತಾರಿ ಮುದುಕರು, ಮುಂಭಾಗದಲ್ಲಿದ್ದರು. ಅವರ ತಂದೆಯ ಕಾಲದ ಕೋವಿಗೆ ಹೊಸ ತೋಟೆ ಎಲ್ಲೂ ಸಿಗುತ್ತಿರಲಿಲ್ಲ. ಹಾರಿಸಿ ಖಾಲಿಯಾದ ಹಿತ್ತಾಳೆ ಕೊಳವೆಗಳಿಗೇ ಮತ್ತೆ ಮದ್ದು ತುಂಬಿಸುತ್ತಿದ್ದರು. ಅದಕ್ಕೆ ಮೊದಲು ಕೊಳವೆಯ ಕತ್ತನ್ನು ಹದವಾಗಿ ಕಾಯಿಸಿ ಮೆದು ಮಾಡಬೇಕು, ಇಲ್ಲದಿದ್ದರೆ ಸೀಳುತ್ತದೆ. ಹೆಚ್ಚು ಕಾದು ಕೊಳವೆಯೆಲ್ಲ ಮೆದುವಾದರೆ ಹಾರಿಸುವವರ ಮುಖಕ್ಕೇ ಸಿಡಿಯಬಹುದು. ಮೆಸಯೀದಿನ ಪ್ಲಾಂಟಿನಲ್ಲಿ ಟೆಕ್ನೀಷಿಯನ್ ಆಗಿದ್ದ ಪಪ್ಪನಿಗೆ ಬಾಬಾ ಈ ಕೆಲಸ ಒಪ್ಪಿಸಿದರು. ಇಲ್ಲ ಎನ್ನುವ ಧೈರ್ಯ ಪಪ್ಪನಿಗೆ ಎಲ್ಲಿಂದ ಬರಬೇಕು? ದೋಹಾದಲ್ಲಿ ಬಾಡಿಗೆಗೆ ಬೆಂಕಿ ಬಿದ್ದಿದ್ದ ಕಾಲ ಅದು. ಬಾಬಾನ ಮನೆ ತಪ್ಪಿದರೆ ಮಮ್ಮಿ, ತಮ್ಮ, ನಾನು ಊರಿಗೆ, ಪಪ್ಪ ಒಬ್ಬರೇ ಇಲ್ಲಿ. ದೊಡ್ಡವರು ಪಿಸುಗುಟ್ಟಿದ್ದು ಮಕ್ಕಳಿಗೆ ಕೇಳಿಸುವುದಿಲ್ಲವೆಂದು ಯಾರು ಹೇಳಿದರೋ, ನನಗಂತೂ ಎಲ್ಲ ಕೇಳಿಸುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಹಾಲಿನ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದರು. ಹಿತ್ತಾಳೆ ಕೆಂಪಗಾಗತೊಡಗುವುದು ಕತ್ತಲೆಯಲ್ಲಿ ಮಾತ್ರ ಕಾಣುತ್ತದೆ. ಗಾಳಿಗೆ ಗ್ಯಾಸಿನ ಉರಿ ಅಲುಗಬಾರದೆಂದು ಏಸಿಯೂ ಬಂದ್. ಬೆವರಿಳಿಯುತ್ತ ನಾವು ಉಸಿರು ಬಿಗಿಹಿಡಿದು ಕೂರಬೇಕು. ಕೆಂಪು ಇನ್ನೇನು ಮೂಡಿತು ಎನ್ನುವಾಗ ಪಪ್ಪ ಕೊಳವೆಯನ್ನು ಬೇಸಿನ್ನಿನ ನೀರಿಗೆ ಬಿಡುತ್ತಿದ್ದರು, ಚುಂಯ್. ಒಂದು ಶುಕ್ರವಾರ ಕೆಲಸ ಸಂಜೆಗೆ ಜಾರಿತು. ಬಾಂಗ್ ಕೇಳಿಸಿತು. ಮಮ್ಮಿಯ ಕೈ ಸ್ವಿಚ್ಚಿಗೆ ಹೋಯಿತು. ಉರಿಯನ್ನೇ ನೋಡುತ್ತಿದ್ದ ಪಪ್ಪನಿಗೆ ಬಲ್ಬಿನ ಕೆಂಪಿನಲ್ಲಿ ಹಿತ್ತಾಳೆಯ ಮೊದಲ ಕೆಂಪು ಕಾಣದೆ ಹೋಗುತ್ತಿದೆ ಎಂದು ಹೊಳೆಯುವಷ್ಟರಲ್ಲಿ ಎಷ್ಟೋ ಕೊಳವೆ ಹದ ಮೀರಿ ಕಾದು ನೀರು ಸೇರಿದ್ದವು. ಬೇಸಿನ್ನಿನಲ್ಲಿ ಒಳ್ಳೆಯವು, ಕೆಟ್ಟವು ಎಲ್ಲ ಒಂದೇ ಥರ ಕಾಣುತ್ತಿದ್ದವು. ಮಮ್ಮಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು.

ಮರುದಿನ ಬಾಬಾ ಬೇಟೆಗೆ ಹೊರಡುವವರು. ಹೇಳಿದರೆ ಕೇಳದೆ ಒಯ್ದುಬಿಟ್ಟಾರು ಎಂದು ಪಪ್ಪ ಸುತ್ತಿಗೆ ತಂದು ಒಂದೊಂದನ್ನೂ ಚಪ್ಪಟೆ ಮಾಡಿದರು. ನನಗೆ ಪ್ರತಿ ಏಟಿಗೂ ನಮ್ಮ ಮನೆಯೇ ಚಪ್ಪಟೆಯಾದಂತೆ ಭಯ. ನಮಾಜು ಮುಗಿಸಿ ಬಾಬಾ ಬಾಗಿಲಲ್ಲಿ ನಿಂತರು.

"ಯಲ್ಲಾ, ಖಲಾಸ್?" ಕೆಲಸ ಮುಗಿಯಿತೇ ಎಂದು.

ನೆಲದ ಮೇಲಿದ್ದುದನ್ನು ನೋಡಿ ಅವರ ಮುಖ ಕಪ್ಪಿಟ್ಟಿತು. ಯಾರು ಮಾಡಿದ್ದು ಎಂದು ಕೇಳಿದರು. ಮಮ್ಮಿ ಬಾಯಿ ತೆರೆಯುವುದರೊಳಗೆ ಪಪ್ಪ ಹೇಳಿದರು: "ಬಾಬಾ, ಮೈ ಮಿಸ್ಟೇಕ್. ಮಾಫಿ ಸೇಫ್." ಸೇಫ್ ಅಲ್ಲ ಎಂದರ್ಥ. ಬಾಬಾ ಆ ಚಪ್ಪಟೆ ಹಿತ್ತಾಳೆಯೊಂದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸವರಿದರು. ಅವರಿಗೂ ಅದು ಅಪ್ಪನ ನೆನಪು, ಪಾಪ. ತಿಂಗಳ ಕೊನೆಗೆ ಮನೆ ಬಿಡಿ ಎಂದು ಹೇಳಿ ಹೋದರು.

ಅಲ್ ಸದ್ದ್‌ನ ಒಂಟಿ ಕೋಣೆಯ ಫ್ಲಾಟಿನಲ್ಲಿ ಮೊದಲ ಸಂಜೆ ಬಾಂಗ್ ಕೇಳಿಸಿದಾಗ ಮಮ್ಮಿಯ ಕೈ ಏಳಲಿಲ್ಲ. ಪಪ್ಪ ಕೊಂಕಣಿಯಲ್ಲಿ ಮೆಲ್ಲಗೆ, "ಹಾಕು ಮಾರಾಯ್ತಿ, ಈ ಮನೆಯಲ್ಲಿ ಕತ್ತಲೆ ಬೇಕಾದ ಕೆಲಸ ಇಲ್ಲ" ಎಂದರು. ಆ ವರ್ಷದ ಶಾಲೆ ಮುಗಿಯುತ್ತಲೇ ನಮ್ಮನ್ನು ಊರಿಗೆ ಕಳಿಸಿದರು. ಆಮೇಲೆ ನಾವು ನಾಲ್ವರೂ ಒಂದೇ ಸೂರಿನಡಿ ಇದ್ದದ್ದು ರಜೆಗಳಲ್ಲಿ ಮಾತ್ರ. ಆ ಆಲ್ತಾರ್ ಈಗ ನನ್ನ ಮನೆಯಲ್ಲಿದೆ, ಮಮ್ಮಿಯೂ ಇಲ್ಲೇ ಇದ್ದಾಳೆ, ಪಪ್ಪ ಪಟದ ಪಕ್ಕದ ಫೋಟೋದಲ್ಲಿದ್ದಾರೆ. ಸಂಜೆ ಸ್ವಿಚ್ಚಿಗೆ ಕೈ ಹಾಕುವ ಮುಂಚೆ ಮಮ್ಮಿ ಇವತ್ತಿಗೂ ಆ ಫೋಟೋದ ಕಡೆ ಒಮ್ಮೆ ನೋಡುತ್ತಾಳೆ, ಹಾಕಲಾ ಎಂದು ಕೇಳುವ ಹಾಗೆ.